ಬೆರಳ ತುದಿಯ ಒಳದಾರಿ

ಕಾಪುವಿನಿಂದ ಕಾರ್ಕಳಕ್ಕೆ ಹೊರಟವರು ಉಡುಪಿ, ಮಣಿಪಾಲ, ಹಿರಿಯಡಕ ಎಂದು ಸುತ್ತಿಕೊಂಡೂ ಹೋಗಬಹುದು. ಊರು ಬಲ್ಲವರು ಶಿರ್ವ, ಬೆಳ್ಮಣ್, ನಿಟ್ಟೆಯ ಒಳದಾರಿ ಹಿಡಿಯುತ್ತಾರೆ. ಕಂಪ್ಯೂಟರಿನಲ್ಲೂ ಇಂಥ ಒಳದಾರಿಗಳಿವೆ. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮೌಸ್ ಹಿಡಿದು ದಿನವೂ ಉಡುಪಿ ಸುತ್ತುವವರೇ!

ನಮ್ಮ ಮನೆಯ ಪಿಯುಸಿ ವಿದ್ಯಾರ್ಥಿನಿಯನ್ನೇ ನೋಡಿ. ಪ್ರಬಂಧ ಟೈಪ್ ಮಾಡುತ್ತಿದ್ದಾಗ ಒಂದು ಲೆಕ್ಕ ಹಾಕಬೇಕಾಯಿತು. ಕೈ ಕೀಲಿಮಣೆ ಬಿಟ್ಟು ಮೌಸಿಗೆ ಹೋಯಿತು, ಪಟ್ಟಿ ತೆರೆಯಿತು, ಕ್ಯಾಲ್ಕುಲೇಟರನ್ನು ಹುಡುಕಿತು. ಸೆಕೆಂಡುಗಳ ನಷ್ಟ ದೊಡ್ಡದಲ್ಲ. ಬರೆಯುತ್ತಿದ್ದ ವಾಕ್ಯದ ಕೊನೆ ಮರೆತುಹೋಗಿತ್ತು, ಅದು ನಷ್ಟ.

ವಿಂಡೋಸ್ ಕಂಪ್ಯೂಟರಿನಲ್ಲಿ ಕಿಟಕಿಯ ಚಿತ್ರವಿರುವ ಕೀಲಿಯನ್ನು ಒಮ್ಮೆ ಒತ್ತಿ, ಬೇಕಾದ ಪ್ರೋಗ್ರಾಮಿನ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಟೈಪಿಸಿ, ಎಂಟರ್ ಒತ್ತಿದರಾಯಿತು. ಅದೇ ಕೀಲಿಯ ಜೊತೆಗೆ 1 ಒತ್ತಿದರೆ ಕೆಳಗಿನ ಪಟ್ಟಿಯ ಮೊದಲ ಪ್ರೋಗ್ರಾಂ, 2 ಒತ್ತಿದರೆ ಎರಡನೆಯದು. ಆ್ಯಪಲ್ ಕಂಪ್ಯೂಟರಿನಲ್ಲಿ ಇದೇ ಕೆಲಸಕ್ಕೆ ಕಮಾಂಡ್ ಮತ್ತು ಸ್ಪೇಸ್ ಕೀಲಿಗಳಿವೆ. ಇನ್ನೂ ಮುಂದೆ ಹೋಗುವವರಿಗೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಇದೆ; ಅದರ ಹುಡುಕುಪೆಟ್ಟಿಗೆಯಲ್ಲೇ ಕೂಡಿ ಕಳೆಯುವ ಲೆಕ್ಕವೂ ನಡೆಯುತ್ತದೆ.

ಇಲ್ಲೊಂದು ತೊಡಕು ಕನ್ನಡ ಬರೆಯುವವರಿಗೆ ಮಾತ್ರ ಗೊತ್ತು. ಕೀಲಿಮಣೆ ಕನ್ನಡದಲ್ಲಿರುವಾಗ ಇಂಗ್ಲಿಷ್ ಹೆಸರು ಟೈಪಿಸಹೊರಟರೆ ಪೆಟ್ಟಿಗೆಯಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳು ಬಂದು ಕೂರುತ್ತವೆ! ಪ್ರತಿ ಸಲ ಭಾಷೆ ಬದಲಿಸುವ ಬದಲು ಹೀಗೆ ಮಾಡಿ. ಡೆಸ್ಕ್‌ಟಾಪಿನಲ್ಲಿರುವ ಪ್ರೋಗ್ರಾಮಿನ ಶಾರ್ಟ್‌ಕಟ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಶಾರ್ಟ್‌ಕಟ್ ಕೀ ಎಂಬಲ್ಲಿ ಒಂದು ಅಕ್ಷರ ಒತ್ತಿ. ಮುಂದೆ ಕಂಟ್ರೋಲ್, ಆಲ್ಟ್ ಹಾಗೂ ಆ ಅಕ್ಷರವನ್ನು ಒಟ್ಟಿಗೆ ಒತ್ತಿದರೆ ಪ್ರೋಗ್ರಾಂ ನೇರ ತೆರೆಯುತ್ತದೆ. ಮೂರು ಪ್ರೋಗ್ರಾಮುಗಳಿಗೆ ಸಾಕು. ಮೂವತ್ತಕ್ಕೆ ಇಟ್ಟವರು ಮೂವತ್ತನ್ನೂ ಮರೆಯುತ್ತಾರೆ. ಕಾಲೇಜಿನ ಲ್ಯಾಬಿನಲ್ಲಾದರೆ ಮೊದಲು ಕೇಳಿ ಮಾಡುವುದು ಒಳ್ಳೆಯದು.

ಹಾಗೆಂದು ಪ್ರೋಗ್ರಾಂ ಬೇಗ ತೆರೆದು, ಕನ್ನಡವನ್ನು ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತಾ ಕುಳಿತರೆ ಏನು ಬಂತು? ಎಷ್ಟೋ ಮನೆಗಳಲ್ಲಿ ಮಕ್ಕಳ ಕನ್ನಡ ವರದಿಯನ್ನು ದುಡ್ಡು ಕೊಟ್ಟು ಅಂಗಡಿಯಲ್ಲಿ ಟೈಪ್ ಮಾಡಿಸುತ್ತಾರೆ. ಅದಕ್ಕೆ ಪರಿಹಾರ ನಮ್ಮ ಕರಾವಳಿಯವರಿಂದಲೇ ಬಂದಿದೆ. 1940ರಲ್ಲಿ ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ, ಉಡುಪಿ, ಮಣಿಪಾಲದವರಿಗೆ ಚಿರಪರಿಚಿತರಾದ ಕೆ.ಪಿ. ರಾವ್ ಕನ್ನಡಕ್ಕೆ ಉಚ್ಚಾರದ ಕ್ರಮದ ಕೀಲಿಮಣೆ ರೂಪಿಸಿದರು. ಅಲ್ಪ ಬದಲಾವಣೆಯೊಂದಿಗೆ ಕರ್ನಾಟಕ ಸರ್ಕಾರ ಅದನ್ನೇ ಒಪ್ಪಿತು. ‘ನುಡಿ’ ತಂತ್ರಾಂಶದಲ್ಲಿರುವುದೂ ಅದೇ.

ಅದರ ಜಾಣತನ ಸರಳವಾದದ್ದು. ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಅಕಾರಕ್ಕೆ ಬೇರೆ ಕೀಲಿ ಒತ್ತಬೇಕಿಲ್ಲ. ಒತ್ತಕ್ಷರಕ್ಕೆ ನಡುವೆ ‘ಎಫ್’. ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಕೀಲಿ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಏಳು! ‘ಕಾರ್ಕಳ’ದ ಅರ್ಕಾವೊತ್ತು ಬರಹದಲ್ಲಿ ಕಕಾರದ ನಂತರ ಕಾಣುತ್ತದೆ, ಮಾತಿನಲ್ಲಿ ಮೊದಲು ಕೇಳುತ್ತದೆ. ಈ ವಿನ್ಯಾಸ ಕಿವಿಯನ್ನು ನಂಬುತ್ತದೆ: ಆರ್, ಎಫ್, ಕೆ.

ಮೊದಲ ವಾರ ವೇಗ ಹೆಚ್ಚುವುದಿರಲಿ, ಇದ್ದದ್ದೂ ಕುಗ್ಗುತ್ತದೆ. ಟ ಮತ್ತು ಡ ಎಲ್ಲಿ ಎಂದು ಹುಡುಕುತ್ತಾ ನಮ್ಮ ಹುಡುಗಿ ಎರಡು ದಿನ ಗೊಣಗಿದಳು. ತಂದೆತಾಯಂದಿರು ಆ ವಾರ ಪರೀಕ್ಷೆಯ ವಾರವಾಗದಂತೆ ನೋಡಿಕೊಂಡರೆ ಸಾಕು.