ಜಂತುಹುಳುವಿನ ಮಾತ್ರೆಗೆ ಶುಲ್ಕ ವಿಧಿಸಿದಾಗ

‘ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆಯಿರುವುದಿಲ್ಲ, ಫಲಾನುಭವಿಗಳಿಂದ ಅಲ್ಪ ವಂತಿಗೆ ಪಡೆಯುವುದು ಸೂಕ್ತ.’ ಸರ್ಕಾರಿ ಸೇವೆಯಲ್ಲಿದ್ದಾಗ ಎಷ್ಟೋ ಕಡತಗಳ ಮೇಲೆ ನಾನು ಹೀಗೆ ಟಿಪ್ಪಣಿ ಬರೆದಿದ್ದೇನೆ. ಅರ್ಥಶಾಸ್ತ್ರದ ಎಂ.ಎ. ಪದವಿ ನನಗೆ ಆ ಧೈರ್ಯ ಕೊಟ್ಟಿತ್ತು. ಅದೇ ಅರ್ಥಶಾಸ್ತ್ರ ನನ್ನ ಟಿಪ್ಪಣಿಯನ್ನು ಸುಳ್ಳಾಗಿಸಿದ್ದನ್ನು ನಿವೃತ್ತಿಯ ನಂತರ ಓದಿದೆ.

ಪಶ್ಚಿಮ ಕೆನ್ಯಾದ ಬುಸಿಯಾ ಜಿಲ್ಲೆಯಲ್ಲಿ ಶಾಲಾ ಮಕ್ಕಳ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ಹುಳುಬಾಧೆಯಿತ್ತು. 1998ರಲ್ಲಿ ಅಲ್ಲಿನ 75 ಶಾಲೆಗಳಲ್ಲಿ ಹಂತಹಂತವಾಗಿ ಉಚಿತ ಮಾತ್ರೆ ವಿತರಣೆ ಆರಂಭವಾಯಿತು. ಅದನ್ನು ಅಧ್ಯಯನ ಮಾಡಿದ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್, ಗೈರುಹಾಜರಿ ಕಾಲು ಭಾಗದಷ್ಟು ತಗ್ಗಿತೆಂದು 2004ರಲ್ಲಿ ಪ್ರಕಟಿಸಿದರು. (ಕ್ರೆಮರ್ 2019ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡವರು.) ಮಾತ್ರೆ ನುಂಗದ ಮಕ್ಕಳಲ್ಲೂ ಸೋಂಕು ಇಳಿದಿತ್ತು. ಒಂದು ಮಗುವಿನ ಹೊಟ್ಟೆ ಶುದ್ಧವಾದರೆ ಮಣ್ಣಿಗೆ ಬೀಳುವ ಮೊಟ್ಟೆಗಳು ಕಡಿಮೆ. ಪಕ್ಕದ ಮನೆಯ ಮಗುವೂ ಅಷ್ಟರಮಟ್ಟಿಗೆ ಕ್ಷೇಮ.

2001ರಲ್ಲಿ, ಥೇಟ್ ನನ್ನ ಟಿಪ್ಪಣಿಯಂತೆಯೇ, ಕೆಲವು ಶಾಲೆಗಳಲ್ಲಿ ಶುಲ್ಕ ವಿಧಿಸಲಾಯಿತು. ಅದು ಒಟ್ಟು ವೆಚ್ಚದ ಸುಮಾರು ಐದನೇ ಒಂದು ಭಾಗ ಮಾತ್ರ. ಆದರೂ ಮಾತ್ರೆ ಪಡೆಯುವವರ ಪ್ರಮಾಣ ಶೇ 80ರಷ್ಟು ಕುಸಿಯಿತು. ಹೆಚ್ಚು ಬಾಧೆಯಿದ್ದ ಮಕ್ಕಳ ಪೋಷಕರಾದರೂ ಹಣ ಕೊಟ್ಟರೇ? ಅದೂ ಇಲ್ಲ. ಪೋಷಕರನ್ನು ಹೇಗೆ ದೂರುವುದು? ಹುಳು ಕಣ್ಣಿಗೆ ಕಾಣದು. ಪ್ರಯೋಜನದ ದೊಡ್ಡ ಪಾಲು ನೆರೆಹೊರೆಗೆ ಹೋಗುತ್ತದೆ. ಊರಿನ ಲಾಭಕ್ಕೆ ಒಬ್ಬ ಬಡ ತಾಯಿಯ ಸೆರಗಿನ ಗಂಟು ಬಿಚ್ಚಿಸುವುದು ಯಾವ ನ್ಯಾಯ?

ಈ ಅಧ್ಯಯನ ಪ್ರಶ್ನಾತೀತವಲ್ಲ. 2015ರಲ್ಲಿ ಅದೇ ಅಂಕಿಅಂಶಗಳನ್ನು ಮರುಪರಿಶೀಲಿಸಿದ ಬ್ರಿಟಿಷ್ ಸಂಶೋಧಕರು ಲೆಕ್ಕದ ದೋಷಗಳನ್ನು ಎತ್ತಿ ತೋರಿಸಿದರು. ತೂಕ, ಕಲಿಕೆಗಳ ಮೇಲೆ ಸಾಮೂಹಿಕ ಚಿಕಿತ್ಸೆಯ ಪರಿಣಾಮ ಅತ್ಯಲ್ಪ ಎಂಬುದು ಕಾಕ್ರೇನ್ ಸಮೀಕ್ಷಕರ ಅಭಿಪ್ರಾಯ. ಮಾತ್ರೆಯಿಂದ ಪವಾಡ ನಿರೀಕ್ಷಿಸಬಾರದು, ಒಪ್ಪೋಣ. ಬಯಲು ಶೌಚವಿದ್ದು, ಕಾಲಿಗೆ ಚಪ್ಪಲಿಯಿಲ್ಲದಿದ್ದರೆ ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕ ಮತ್ತೆ ಒಳಸೇರುತ್ತದೆ. ಆದರೆ ಶುಲ್ಕ ವಿಧಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಬುಸಿಯಾ ಕೊಟ್ಟ ಉತ್ತರವನ್ನು ಈ ವಾಗ್ವಾದ ಅಳಿಸಿಹಾಕುವುದಿಲ್ಲ.

ನಮ್ಮ ದೇಶದಲ್ಲಿ 2015ರ ಫೆಬ್ರುವರಿ 10ರಂದು ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಲ್ಬೆಂಡಜೋಲ್ ಮಾತ್ರೆ ಉಚಿತ. ಒಂದರಿಂದ ಹತ್ತೊಂಬತ್ತು ವರ್ಷದವರೆಗಿನ ಎಲ್ಲರಿಗೂ, ಪರೀಕ್ಷೆಯಿಲ್ಲದೆ. ಏಕೆಂದರೆ ಮಲಪರೀಕ್ಷೆಗೆ ಮಾತ್ರೆಗಿಂತ ಹೆಚ್ಚು ಖರ್ಚು. ಯೋಜನೆ ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ. ‘ನಮ್ಮ ಮಗುವಿಗೇಕೆ ಹುಳುವಿನ ಮಾತ್ರೆ?’ ಎಂದು ನನ್ನ ಸ್ವಂತ ಮಗಳೇ ಕೇಳಿದಳು. ಬುಸಿಯಾದ ಕಥೆ ಹೇಳಿದೆ. ಹಳೆಯ ಟಿಪ್ಪಣಿಯ ವಿಷಯ ಮಾತ್ರ ಹೇಳಲಿಲ್ಲ.