ಮೋಟಾರ್ ಸೈಕಲ್ಲಿಗೆ ಮನೆಯಲ್ಲೇ ಸೈಡ್‌ಕಾರ್: ಕಟ್ಟುವ ಮೊದಲು ತಿಳಿಯಬೇಕಾದದ್ದು



ಮೂರು ನಾಲ್ಕು ಎಕರೆ ತೋಟದವರಿಗೆ ಜೀಪು ಸಾಕುವುದು ಕಷ್ಟ, ಬರಿಯ ಮೋಟಾರ್ ಸೈಕಲ್ ಸಾಲದು. ಗೊಬ್ಬರದ ಚೀಲ, ಔಷಧಿ ಹೊಡೆಯುವ ಕಾಲಕ್ಕೆ ಮೈಲುತುತ್ತ ಮತ್ತು ಸುಣ್ಣ, ಗೊನೆ ಇಳಿಸುವವರ ಹಗ್ಗ, ಇವೆಲ್ಲ ಹಿಂದಿನ ಸೀಟಿನಲ್ಲಿ ಹೇಗೋ ಬಂದಾವು. ಮೊಣಕಾಲು ಮಡಚಲಾರದ ಮನೆಯ ಹಿರಿಯರನ್ನು ಮಾತ್ರ ಹಾಗೆ ಕೂರಿಸಿ ತರಲಾಗುವುದಿಲ್ಲ. ನಾವು ನಮ್ಮ ಹಳೆಯ 350 ಸಿ.ಸಿ. ಬುಲೆಟ್ಟಿಗೆ ಸೈಡ್‌ಕಾರ್ ಕಟ್ಟಲು ಹೊರಟದ್ದು ನಮ್ಮ ತಾಯಿಯವರಿಗಾಗಿ. ಸಂಘದ ಸದಸ್ಯರಲ್ಲಿ ಹಲವರು ಅದನ್ನು ನೋಡಿ ವಿಚಾರಿಸಿದ್ದಾರೆ. ಕಟ್ಟುವ ವಿಧಾನವನ್ನೂ, ನಾವು ಎಲ್ಲಿ ತಪ್ಪಿದೆವು ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಸೈಡ್‌ಕಾರ್ ಹೊಸ ವಸ್ತುವೇನಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ 1922ರಲ್ಲಿ ಸೈಡ್‌ಕಾರ್ ಮಾಡಲೆಂದೇ ಆರಂಭವಾದ ಸ್ವಾಲೋ ಎಂಬ ಕಂಪೆನಿಯೇ ಮುಂದೆ ಜಾಗ್ವಾರ್ ಕಾರಿನ ಕಂಪೆನಿಯಾಯಿತು. ನಮ್ಮ ಮೈಸೂರಿನಲ್ಲಿ 1961ರಿಂದ ತಯಾರಾಗತೊಡಗಿದ ಜಾವಾ ಗಾಡಿಯ ತವರು ಚೆಕೊಸ್ಲೊವಾಕಿಯಾ. ಅಲ್ಲಿ ಜಾವಾಗಳಿಗೆ ಜೋಡಿಸಲು ವೆಲೊರೆಕ್ಸ್ ಎಂಬ ಸೈಡ್‌ಕಾರ್ ಸಿಗುತ್ತಿತ್ತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ಕೆಲವರ ಕೊಟ್ಟಿಗೆಯಲ್ಲಿವೆ.

ನಮ್ಮ ಬೀಗರ ಊರು ಭೀಮಾ ನದಿಯ ದಂಡೆಯ ದೇವಣಗಾಂವ. ಅವರ ಹೊಲದ ಶೆಡ್ಡಿನಲ್ಲಿ ಕಬ್ಬಿನ ಟ್ರಾಲಿ ರಿಪೇರಿಗೆಂದು ಇಟ್ಟ ವೆಲ್ಡಿಂಗ್ ಯಂತ್ರವಿದೆ, ಕೈ ಪಳಗಿದ ಕೆಲಸಗಾರರಿದ್ದಾರೆ. ಬುಲೆಟ್ಟನ್ನು ಟೆಂಪೋದಲ್ಲಿ ಅಲ್ಲಿಗೇ ಸಾಗಿಸಿ ಹದಿನೈದು ದಿನ ಕೆಲಸ ಮಾಡಿದೆವು. ಮೊದಲ ದಿನವೇ ಬೀಗರು ಒಂದು ಮಾತು ಹೇಳಿದರು: "ಇದು ಇನ್ನ ಮೋಟಾರ್ ಸೈಕಲ್ ಅಲ್ರೀ ಬೀಗರ, ಒಂದ ಎತ್ತು ಹೂಡಿದ ಚಕ್ಕಡಿ. ಎತ್ತು ಬಲಕ್ಕದ, ಭಾರ ಎಡಕ್ಕದ." ನಾವು ನಕ್ಕೆವು. ಈಗ ನೋಡಿದರೆ ಇಡೀ ವಿಷಯ ಆ ಮಾತಿನಲ್ಲೇ ಇತ್ತು.

ಮೊದಲಿಗೆ ಚೌಕಟ್ಟು. ಇದಕ್ಕೆ ನೀರಿನ ಜಿ.ಐ. ಪೈಪ್ ಬಳಸಬಾರದು. ಅದರ ಸತುವಿನ ಲೇಪ ವೆಲ್ಡಿಂಗ್‌ನಲ್ಲಿ ಹೊಗೆಯಾಗಿ ಉಸಿರಿಗೆ ಹೋದರೆ ರಾತ್ರಿ ಚಳಿಜ್ವರ ಬರುತ್ತದೆ. ಬೆಸುಗೆಯೂ ಸರಿಯಾಗಿ ಕೂರುವುದಿಲ್ಲ. ಸುಮಾರು 40 ಮಿ.ಮೀ. ಹೊರ ಅಳತೆಯ, 3 ಮಿ.ಮೀ. ದಪ್ಪದ, ಜೋಡಣೆಯಿಲ್ಲದ ಉಕ್ಕಿನ ಪೈಪ್ ಉತ್ತಮ. ಗಾಡಿಯ ಮೂಲ ಚೌಕಟ್ಟಿಗೆ ನೇರವಾಗಿ ವೆಲ್ಡ್ ಮಾಡಕೂಡದು, ಕ್ಲ್ಯಾಂಪ್ ಹಾಕಿಯೇ ಹಿಡಿಸಬೇಕು. ಹಳೆಯ ಬುಲೆಟ್ಟಿನಲ್ಲಿ ಎಂಜಿನ್ನಿನ ಕೆಳಗೆ ಚೌಕಟ್ಟಿನ ಪೈಪೇ ಇಲ್ಲ, ಎಂಜಿನ್ನೇ ಚೌಕಟ್ಟಿನ ಒಂದು ಭಾಗ. ಆದ್ದರಿಂದ ಕೆಳಗಡೆ ಹಿಂದಿನಿಂದ ಮುಂದಕ್ಕೆ ಒಂದು ಉಪ ಚೌಕಟ್ಟು ಕಟ್ಟಿ, ಸೈಡ್‌ಕಾರಿನ ಎಳೆತವನ್ನು ಅದರ ಮೇಲೆ ಹಾಕಬೇಕು. ಹಿಡಿತ ನಾಲ್ಕು ಕಡೆ ಇರಬೇಕು: ಕೆಳಗೆ ಮುಂದೊಂದು ಹಿಂದೊಂದು, ಮೇಲೆ ಟ್ಯಾಂಕಿನ ಕೆಳಗೊಂದು ಸೀಟಿನ ಕೆಳಗೊಂದು. ಮೇಲಿನ ಎರಡು ತೋಳುಗಳಿಗೆ ಥ್ರೆಡ್ ಇದ್ದು, ಉದ್ದವನ್ನು ಹೆಚ್ಚು ಕಡಿಮೆ ಮಾಡುವಂತಿರಬೇಕು. ನಾವು ಮೂರೇ ಕಡೆ ಹಿಡಿಸಿ ಸಾಕೆಂದುಕೊಂಡೆವು. ಎಂಟು ದಿನದಲ್ಲಿ ಹಿಂದಿನ ಕ್ಲ್ಯಾಂಪಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು.

ಇನ್ನು ಜೋಡಣೆಯ ಅಳತೆ. ಇದಕ್ಕೆ ಎರಡು ನೇರವಾದ ಚೌಕ ಪೈಪುಗಳೂ ಗಾರೆಯವರ ತೂಗುಗುಂಡೂ ಸಾಕು. ಸಮತಟ್ಟಾದ ಕಣದಲ್ಲಿ ಗಾಡಿ ನಿಲ್ಲಿಸಿ, ಒಂದು ಪೈಪನ್ನು ಬೈಕಿನ ಎರಡೂ ಗಾಲಿಗಳಿಗೆ, ಇನ್ನೊಂದನ್ನು ಸೈಡ್‌ಕಾರಿನ ಗಾಲಿಗೆ ತಾಗಿಸಿ ಇಡಬೇಕು. ಎರಡು ಪೈಪುಗಳ ನಡುವಿನ ಅಂತರ ಹಿಂದಿಗಿಂತ ಮುಂದೆ 10ರಿಂದ 20 ಮಿ.ಮೀ. ಕಡಿಮೆ ಇರಬೇಕು, ಅಂದರೆ ಮೂರನೆಯ ಗಾಲಿ ಬೈಕಿನ ಕಡೆಗೆ ಸ್ವಲ್ಪ ಮುಖ ಮಾಡಿರಬೇಕು. ಈ ಅಂತರ ಅತಿಯಾದರೆ ಟೈರು ಬೇಗ ಸವೆಯುತ್ತದೆ. ಆ ಗಾಲಿಯ ಅಚ್ಚು ಬೈಕಿನ ಹಿಂದಿನ ಅಚ್ಚಿಗಿಂತ 20ರಿಂದ 25 ಸೆ.ಮೀ. ಮುಂದಿರಲಿ. ಇಲ್ಲವಾದರೆ ಬಲ ತಿರುವಿನಲ್ಲಿ ಸೈಡ್‌ಕಾರಿನ ಮೂತಿ ನೆಲಕ್ಕೆ ಕುಸಿಯುತ್ತದೆ.

ಬೈಕು ಸೈಡ್‌ಕಾರಿನಿಂದ ಆಚೆಗೆ, ಎಂದರೆ ಬಲಕ್ಕೆ, 1ರಿಂದ 2 ಡಿಗ್ರಿ ವಾಲಿ ನಿಲ್ಲಬೇಕು. ಒಂದು ಮೀಟರ್ ಎತ್ತರದಿಂದ ತೂಗುಗುಂಡು ಬಿಟ್ಟರೆ ಒಂದು ಡಿಗ್ರಿಗೆ ಸುಮಾರು 17 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಓಡಿಸಿ ನೋಡಿದಾಗ ಗಾಡಿ ಎಡಕ್ಕೆ ಎಳೆದರೆ ವಾಲುವಿಕೆಯನ್ನು ಸ್ವಲ್ಪ ಹೆಚ್ಚಿಸಬೇಕು, ಬಲಕ್ಕೆ ಎಳೆದರೆ ತಗ್ಗಿಸಬೇಕು. ಮೇಲಿನ ತೋಳುಗಳಿಗೆ ಥ್ರೆಡ್ ಬೇಕೆಂದದ್ದು ಇದಕ್ಕಾಗಿಯೇ.

ದೇವಣಗಾಂವದ ಸಪಾಟು ಎರೆ ನೆಲದಲ್ಲಿ, ಹೊಲದ ನೇರ ದಾರಿಯಲ್ಲಿ ನಮ್ಮ ಗಾಡಿ ಚೆನ್ನಾಗಿ ಓಡಿತು. ನಮಗೆ ಹೆಮ್ಮೆಯೂ ಆಯಿತು. ಊರಿಗೆ ತಂದ ಮಾರನೆಯ ದಿನ ತಾಯಿಯವರನ್ನು ಕೂರಿಸುವ ಮೊದಲು ಖಾಲಿ ಸೈಡ್‌ಕಾರಿನೊಂದಿಗೆ ನಮ್ಮ ತೋಟದ ಒಳದಾರಿಯಲ್ಲಿ ಇಳಿದೆವು. ಪಲ್ಪರ್ ಮನೆಯ ಹತ್ತಿರದ ಎಡ ತಿರುವಿನಲ್ಲಿ ಸೈಡ್‌ಕಾರಿನ ಗಾಲಿ ಮೊಣಕಾಲೆತ್ತರಕ್ಕೆ ಎದ್ದಿತು. ಕೈ ತಾನಾಗಿ ಹ್ಯಾಂಡಲನ್ನು ನೇರ ಮಾಡಿತು, ಗಾಡಿ ದಾರಿಯ ಬಲಕ್ಕೆ ನುಗ್ಗಿತು. ಎದುರಿಗೆ ಚೆರಿ ತುಂಬಿದ ಟ್ರಾಕ್ಟರ್ ಬರುತ್ತಿತ್ತು. ಅದರ ಚಾಲಕ ಕಾಫಿ ಗಿಡಗಳೊಳಕ್ಕೆ ಹೊರಳಿಸದಿದ್ದರೆ ಈ ಲೇಖನವನ್ನು ಬೇರೆಯವರು ಬರೆಯಬೇಕಾಗುತ್ತಿತ್ತು.

ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಬೈಕು ಮತ್ತು ಸವಾರ ಸೇರಿ ಸುಮಾರು 235 ಕೆ.ಜಿ., ಖಾಲಿ ಸೈಡ್‌ಕಾರ್ 80 ಕೆ.ಜಿ., ಅದರ ಭಾರದ ಕೇಂದ್ರ ಬೈಕಿನ ಗಾಲಿಗಳ ಗೆರೆಯಿಂದ 70 ಸೆ.ಮೀ. ದೂರ. ಎರಡೂ ಸೇರಿದಾಗ ಒಟ್ಟು ಭಾರದ ಕೇಂದ್ರ ಆ ಗೆರೆಯಿಂದ ಎಡಕ್ಕೆ ಸರಿಯುವುದು ಬರೇ 18 ಸೆ.ಮೀ.; ನೆಲದಿಂದ ಅದರ ಎತ್ತರ ಸುಮಾರು 55 ಸೆ.ಮೀ. ಹೀಗಿರುವಾಗ 15 ಮೀಟರ್ ತ್ರಿಜ್ಯದ ಎಡ ತಿರುವಿನಲ್ಲಿ ಗಂಟೆಗೆ 25 ಕಿ.ಮೀ. ವೇಗಕ್ಕೇ ಗಾಲಿ ಏಳುತ್ತದೆ. ಸೈಡ್‌ಕಾರಿನ ನೆಲದಲ್ಲಿ, ಹೊರ ಅಂಚಿಗೆ, 50 ಕೆ.ಜಿ. ಮರಳಿನ ಚೀಲ ಕಟ್ಟಿದರೆ ಅದು 30 ಕಿ.ಮೀ.ವರೆಗೆ ತಡೆಯುತ್ತದೆ. ಲಾಭ ಐದೇ ಕಿ.ಮೀ. ಎಂಬುದನ್ನು ಗಮನಿಸಬೇಕು. ನಮ್ಮ ತೋಟದ ದಾರಿಗಳಲ್ಲಿ 15 ಮೀಟರಿಗಿಂತ ಚಿಕ್ಕ ತಿರುವುಗಳೇ ಹೆಚ್ಚು. ಖಾಲಿ ಸೈಡ್‌ಕಾರೇ ತುಂಬಿದ್ದಕ್ಕಿಂತ ಅಪಾಯಕಾರಿ ಎಂಬುದು ನಮಗೆ ಆಗ ತಿಳಿಯಿತು.

ಬೈಕು ವಾಲಿ ತಿರುಗುವ ವಾಹನ. ಸೈಡ್‌ಕಾರ್ ಜೋಡಿಸಿದ ಮೇಲೆ ಅದು ವಾಲಲಾರದು, ಹ್ಯಾಂಡಲನ್ನು ಕೈಬಲದಿಂದಲೇ ತಿರುಗಿಸಬೇಕು. ಇಪ್ಪತ್ತು ವರ್ಷ ಬೈಕು ಓಡಿಸಿದ ಅಭ್ಯಾಸವೇ ಇಲ್ಲಿ ಶತ್ರು. ವೇಗ ಹೆಚ್ಚಿಸಿದರೆ ಪಕ್ಕದ ಭಾರ ಹಿಂದುಳಿದು ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಹಾಕಿದರೆ ಅದೇ ಭಾರ ಮುನ್ನುಗ್ಗಿ ಗಾಡಿಯನ್ನು ಬಲಕ್ಕೆ, ಅಂದರೆ ಎದುರು ಬರುವ ವಾಹನದ ಕಡೆಗೆ, ತಿರುಗಿಸುತ್ತದೆ. ಬೀಗರ ಒಂಟಿ ಎತ್ತಿನ ಮಾತು ಇದೇ. ಹಾಗಾಗಿ ಮೂರನೆಯ ಗಾಲಿಗೂ ಬ್ರೇಕ್ ಬೇಕೇ ಬೇಕು. ನಾವು ಡ್ರಮ್ ಬ್ರೇಕ್ ಇರುವ ಸ್ಕೂಟರ್ ಗಾಲಿ ಹಾಕಿ, ಅದರ ಕೇಬಲನ್ನು ಹಿಂದಿನ ಬ್ರೇಕ್ ಪೆಡಲಿಗೆ ಜೋಡಿಸಿದ್ದೇವೆ. ಎಡ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಸ್ವಲ್ಪವೇ ಆಕ್ಸಿಲರೇಟರ್ ಕೊಟ್ಟರೆ ಗಾಡಿ ತಾನಾಗಿ ಎಡಕ್ಕೆ ಬರುತ್ತದೆ. ಬಲ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ತಿರುಗುವುದು ಹಗುರ. ಎಂಜಿನ್ನಿಗೆ ಭಾರ ಹೆಚ್ಚಾಗುವುದರಿಂದ ಗೇರ್‌ಬಾಕ್ಸಿನ ಸ್ಪ್ರಾಕೆಟ್ಟಿನಲ್ಲಿ ಒಂದೆರಡು ಹಲ್ಲು ಕಡಿಮೆ ಇರುವುದನ್ನು ಹಾಕಿಸಿದರೆ ಏರು ಹತ್ತುತ್ತದೆ.

ಕಾನೂನಿನ ವಿಷಯ. 1988ರ ಮೋಟಾರು ವಾಹನ ಕಾಯಿದೆ ಮೋಟಾರ್ ಸೈಕಲ್ಲಿನ ವ್ಯಾಖ್ಯೆಯಲ್ಲಿಯೇ ಬಿಚ್ಚಬಹುದಾದ ಸೈಡ್‌ಕಾರನ್ನೂ ಸೇರಿಸಿದೆ. ಹಾಗೆಂದು ಮನೆಯಲ್ಲಿ ಕಟ್ಟಿದ್ದನ್ನು ರಸ್ತೆಗೆ ಇಳಿಸಬಹುದು ಎಂದಲ್ಲ. 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇದಕ್ಕೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಸೇರಿವೆ. ಆದ್ದರಿಂದ ಪೈಪ್ ಕೊಳ್ಳುವ ಮೊದಲೇ ನಕ್ಷೆ ಹಿಡಿದು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ವಿಮಾ ಕಂಪೆನಿಗೂ ಲಿಖಿತವಾಗಿ ತಿಳಿಸಬೇಕು. ನಾವು ಇದನ್ನು ತಡವಾಗಿ ಮಾಡಿದೆವು, ಅರ್ಜಿ ಕೊಟ್ಟಿದ್ದೇವೆ. ಅನುಮತಿ ಬರುವವರೆಗೆ ಗಾಡಿ ತೋಟದ ಗೇಟು ದಾಟುವುದಿಲ್ಲ.

ಕ್ಲ್ಯಾಂಪಿನ ಬೋಲ್ಟುಗಳನ್ನು ಪ್ರತಿ ಸೋಮವಾರ ಸ್ಪ್ಯಾನರ್ ಹಾಕಿ ನೋಡುತ್ತೇವೆ. ನಾಲ್ಕನೆಯ ಹಿಡಿತ ಹಾಕಿದ ಮೇಲೆ ಬಿರುಕು ಮತ್ತೆ ಕಂಡಿಲ್ಲ. ಗಾಡಿಯ ಅಳತೆಗಳ ನಕ್ಷೆಯ ಒಂದು ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ, ಬೇಕಾದವರು ನೋಡಬಹುದು. ತಾಯಿಯವರು ಈಗ ಮನೆಯಿಂದ ಗೇಟಿನವರೆಗೆ ಅದರಲ್ಲೇ ಬಂದು ಬಸ್ಸು ಹತ್ತುತ್ತಾರೆ. ಅವರು ಇಳಿದ ಕೂಡಲೇ ಗೇಟಿನ ಬಳಿ ಇಟ್ಟಿರುವ ಮರಳಿನ ಚೀಲ ಅವರ ಜಾಗಕ್ಕೆ ಹತ್ತುತ್ತದೆ.