ಶುಗರ್ ಇರುವವರ ರೋಝಾ: ಮೊಬೈಲನ್ನು ಕೇಳುವುದೇ, ವೈದ್ಯರನ್ನೇ, ಹಜರತ್‌ರನ್ನೇ?

ಶಾಬಾನ್ ತಿಂಗಳು ಬಂತೆಂದರೆ ಜುಮಾ ನಮಾಝ್ ಮುಗಿದ ಮೇಲೆ ನಮ್ಮನ್ನು ಮಾತನಾಡಿಸಲು ನಿಲ್ಲುವವರು ಹೆಚ್ಚಾಗುತ್ತಾರೆ. ಬಹಳ ಮಂದಿಯ ಪ್ರಶ್ನೆ ಒಂದೇ: "ಹಜರತ್, ನನಗೆ ಶುಗರ್ ಇದೆ, ರೋಝಾ ಇಡಬಹುದಾ?" ಈಗೀಗ ಜೇಬಿನಿಂದ ಮೊಬೈಲ್ ತೆಗೆದು, "ಇದರಲ್ಲಿ ಹೀಗೆ ಬಂದಿದೆ, ಸರಿಯಾ ನೋಡಿ" ಎನ್ನುವವರೂ ಇದ್ದಾರೆ. ಕಳೆದ ಜುಮಾದ ಖುತ್ಬಾದಲ್ಲಿ ಇದನ್ನೇ ಎತ್ತಿಕೊಂಡಿದ್ದೆವು. ಸಮಯ ಸಾಲದೆ ಬಿಟ್ಟ ಮಾತುಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, ದಾವಣಗೆರೆಯ ತಂಗಿಯ ಮನೆಗೆ ಬಂದಿದ್ದ ಹರಿಹರದ ಒಬ್ಬ ಖಾಲಾ ಇದೇ ಪ್ರಶ್ನೆ ಕೇಳಿದ್ದರು. ಯಾವ ಮಾತ್ರೆ, ದಿನಕ್ಕೆ ಎಷ್ಟು, ಹಿಂದೆ ಎಂದಾದರೂ ಸಕ್ಕರೆ ಇಳಿದು ತಲೆಸುತ್ತು ಬಂದಿತ್ತೇ ಎಂದು ನಾವು ವಿಚಾರಿಸಲಿಲ್ಲ. "ಧೈರ್ಯ ಮಾಡಿ ಇಡಿ ಖಾಲಾ, ಅಲ್ಲಾಹನು ಆಸಾನ್ ಮಾಡುತ್ತಾನೆ" ಎಂದುಬಿಟ್ಟೆವು. ರಮಝಾನಿನ ಆರನೆಯ ದಿನ ಅಸರ್ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ಕುಸಿದರು. ಮಗ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ. ಅಲ್‌ಹಮ್ದುಲಿಲ್ಲಾಹ್, ಉಳಿದರು.

ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಒಂದು ಘಟನೆ ಬರುತ್ತದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಾಗಿ ಗಾಯವಾಗಿತ್ತು. ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಸಾಕಾಗದೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ರಿಯಾಯಿತಿ ಇಲ್ಲವೆಂದು ಸಂಗಡಿಗರು ತೀರ್ಪು ಕೊಟ್ಟರು. ಅವರು ಸ್ನಾನ ಮಾಡಿ ತೀರಿಕೊಂಡರು. ವಿಷಯ ತಿಳಿದ ಪ್ರವಾದಿ(ಸ)ಯವರು ಬಹಳ ಸಿಟ್ಟಾದರು. ತಿಳಿಯದಿದ್ದಾಗ ಕೇಳಬೇಕಿತ್ತಲ್ಲವೇ ಎಂಬುದು ಅವರ ಮಾತಿನ ಸಾರ. ಮದರಸಾದಲ್ಲಿ ಈ ಹದೀಸನ್ನು ನಾವು ತಯಮ್ಮುಮ್‌ನ ಪಾಠವೆಂದು ಓದಿದ್ದೆವು. ಅದು ನಮ್ಮಂಥವರ ಬಗ್ಗೆಯೇ ಇದೆ ಎಂದು ಹೊಳೆದದ್ದು ಖಾಲಾ ಬಿದ್ದ ಮೇಲೆ.

ಮರುವರ್ಷ ಶಾಬಾನಿನಲ್ಲಿ ಖಾಲಾ ಮತ್ತೆ ಬಂದರು. ಜೊತೆಗೆ ಕಾಲೇಜು ಓದುವ ಮೊಮ್ಮಗಳು. ಆ ಹುಡುಗಿ ಮೊಬೈಲಿನಲ್ಲಿ ಹುಡುಕಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಅವಳು ಓದಿದಳು, ನಾವು ಕೇಳಿಸಿಕೊಂಡೆವು.

ಅವಳಿಗೆ ಸಿಕ್ಕಿದ್ದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವೂ, ಮಧುಮೇಹ ಮತ್ತು ರಮಝಾನ್ ಕುರಿತು ಕೆಲಸ ಮಾಡುವ 'ಡಾರ್' ಎಂಬ ವೈದ್ಯರ ಕೂಟವೂ ಸೇರಿ 2016ರಲ್ಲಿ ತಂದು, 2021ರಲ್ಲಿ ತಿದ್ದಿದ ಕೈಪಿಡಿ. ಇಂಗ್ಲಿಷಿನಲ್ಲಿದೆ, ಹಣ ಕೊಡದೆ ಓದಬಹುದು. 2021ರ ಕೈಪಿಡಿಯಲ್ಲಿ ರೋಗಿಗೆ ಅಂಕ ಹಾಕುವ ಕ್ರಮವಿದೆ: ಎಷ್ಟು ವರ್ಷದಿಂದ ಕಾಯಿಲೆ, ಯಾವ ಔಷಧಿ, ಮೂತ್ರಪಿಂಡ ಹೇಗಿದೆ, ಸಕ್ಕರೆ ಇಳಿದು ತೊಂದರೆಯಾಗಿತ್ತೇ, ಹಿಂದಿನ ರಮಝಾನ್ ಹೇಗೆ ಕಳೆಯಿತು, ದುಡಿಮೆ ಎಂಥದ್ದು. 3ರವರೆಗೆ ಕಡಿಮೆ ಅಪಾಯ, 3.5ರಿಂದ 6ರವರೆಗೆ ಮಧ್ಯಮ, 6 ದಾಟಿದರೆ ಉಪವಾಸ ಬೇಡವೆಂಬ ಸಲಹೆ. ದುಡಿಮೆಯ ಪ್ರಶ್ನೆ ಏಕೆಂದು ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ನಿಲ್ಲುವವರಿಗೆ ಹೇಳಿಕೊಡಬೇಕಿಲ್ಲ.

ಇನ್ನೊಂದು ಪುಟದಲ್ಲಿ 2001ರಲ್ಲಿ 13 ದೇಶಗಳ 12,243 ರೋಗಿಗಳನ್ನು ವಿಚಾರಿಸಿದ ಅಧ್ಯಯನವಿತ್ತು. ಸಾಮಾನ್ಯವಾಗಿ ದೊಡ್ಡವರಿಗೆ ಬರುವ ಟೈಪ್ 2 ಮಧುಮೇಹದಲ್ಲಿ, ಸಕ್ಕರೆ ಇಳಿದು ಆಸ್ಪತ್ರೆ ಸೇರುವ ಪ್ರಸಂಗಗಳು ರಮಝಾನಿನಲ್ಲಿ ಸುಮಾರು 7.5 ಪಟ್ಟು ಏರಿದ್ದವು. ಮಾತ್ರೆಗಳ ನಡುವೆಯೂ ಭೇದವಿದೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ತೀರಾ ಇಳಿಯುವ ಭಯ ಕಡಿಮೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಗುಂಪಿನವು ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಹೊರಡಿಸುತ್ತವೆ. ಖಾಲಾ ಸಹರಿಯಲ್ಲಿ ನುಂಗುತ್ತಿದ್ದದ್ದು ಇಂಥದ್ದೇ.

ಇಷ್ಟೆಲ್ಲ ತಿಳಿದ ಹುಡುಗಿ ಅಜ್ಜಿಯ ಮಾತ್ರೆಗೆ ಕೈ ಹಚ್ಚಲಿಲ್ಲ ಎಂಬುದೇ ನಮಗೆ ಮೆಚ್ಚುಗೆಯಾದದ್ದು. ಹದಿನೈದು ದಿನದ ಶುಗರ್ ಲೆಕ್ಕವನ್ನೂ ಮೂರು ಪ್ರಶ್ನೆಗಳನ್ನೂ ಒಂದೇ ಹಾಳೆಯಲ್ಲಿ ಬರೆದು ವೈದ್ಯರ ಮುಂದಿಟ್ಟಳು. ವೈದ್ಯರು ಮೊದಲು, "ಎಲ್ಲಾ ಗೂಗಲ್‌ನಲ್ಲೇ ಓದಿದ್ದೀಯಾ?" ಎಂದು ಸ್ವಲ್ಪ ಗದರಿದರಂತೆ. ಹಾಳೆ ನೋಡಿದ ಮೇಲೆ ಕೂರಿಸಿ ಮಾತನಾಡಿದರಂತೆ. ಹೊರಗೆ ನೂರು ಜನ ಕಾಯುತ್ತಿರುವಾಗ ವೈದ್ಯರಿಗೂ ಪಾಪ, ಕೇಳುವುದಕ್ಕೆ ಹೊತ್ತಿಲ್ಲ. ಬರೆದ ಹಾಳೆ ಆ ಹೊತ್ತನ್ನು ಉಳಿಸುತ್ತದೆ. ಮಾತ್ರೆ ಬದಲಾಯಿತು. ಅಂಕ 6 ದಾಟಿದ್ದರಿಂದ ಆ ವರ್ಷ ಉಪವಾಸ ಬೇಡವೆಂದರು.

ಖಾಲಾ ಅತ್ತರು. ನಲವತ್ತು ವರ್ಷದಲ್ಲಿ ತಪ್ಪಿಸಿದವರಲ್ಲ. ರೋಗಿಗೆ ಕೊಟ್ಟ ಅನುಮತಿ ಸೂರಃ ಅಲ್ ಬಕರಃದಲ್ಲಿ, ಉಪವಾಸದ ಆಜ್ಞೆ ಇರುವ ಕಡೆಯಲ್ಲೇ ಇದೆ ಎಂದು ನಾವು ತಿಳಿಸಿದೆವು. ನಮ್ಮ ಪಾಲಿನ ಕೆಲಸ ಅಷ್ಟೇ ಆಗಿತ್ತು. ಮುಂದೆ ಡಿಸೆಂಬರಿನಲ್ಲಿ, ಹಗಲು ಚಿಕ್ಕದಾದಾಗ, ವೈದ್ಯರನ್ನು ಕೇಳಿಯೇ ಮೂರು ಕಝಾ ಉಪವಾಸ ಇಟ್ಟರು. ಮೊಮ್ಮಗಳು ಶುಗರ್ ಮೀಟರಿನ ಫೋಟೋ ನಮಗೂ ಕಳಿಸಿದಳು.

ಅದೇ ಮೊಬೈಲಿನಲ್ಲಿ ಇನ್ನೊಂದೂ ಬರುತ್ತದೆ. ಕಲೌಂಜಿ ಎಣ್ಣೆಯಿಂದ ಶುಗರ್ ಬುಡಸಮೇತ ಹೋಗುತ್ತದೆ, ಮಾತ್ರೆ ಬಿಸಾಡಿ ಎಂಬ ವಿಡಿಯೋ ನಂಬಿ ನಮ್ಮ ಜಮಾಅತಿನ ಒಬ್ಬರು ಎರಡು ತಿಂಗಳು ಮಾತ್ರೆ ಬಿಟ್ಟರು. ಕಾಲಿನ ಹುಣ್ಣು ಮಾಯದೆ ಬೆರಳು ಕಳೆದುಕೊಂಡರು. ಕಲೌಂಜಿಯ ಬಗ್ಗೆ ಹದೀಸ್ ಇರುವುದು ನಿಜ. ಮಾತ್ರೆ ಬಿಡಿ ಎಂದು ಅದರಲ್ಲಿ ಎಲ್ಲಿದೆ? ಆ ವಿಡಿಯೋದ ಕೊನೆಯಲ್ಲಿ ಬಾಟಲಿಯ ಬೆಲೆ ಇತ್ತು. 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗಲೂ ವಾಟ್ಸಾಪ್‌ನ ಗಾಳಿಮಾತಿಗೆ ಹೆದರಿದ ತಂದೆತಾಯಿಯರಿದ್ದರು. ಹೇಳುವವರು ಯಾರು, ಯಾವಾಗ ಹೇಳಿದ್ದು, ಏನಾದರೂ ಮಾರುತ್ತಿದ್ದಾರೆಯೇ ಎಂದು ನೋಡದೆ ಮುಂದಕ್ಕೆ ಕಳಿಸಬೇಡಿ.

ಆಸ್ಪತ್ರೆಯ ಕಾಗದಗಳನ್ನು ಕೇಳಲು ಹಿಂಜರಿಯುವವರಿಗೆ ಒಂದು ಮಾತು. ಒಳರೋಗಿಯಾಗಿದ್ದವರು ಕೇಳಿದರೆ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲೇ ಇದೆ. ಕೇಳುವುದು ಜಗಳವಲ್ಲ. ಹರಿಹರದಿಂದ ಪದೇಪದೇ ಬರಲಾಗದವರಿಗೆ ಸರ್ಕಾರದ ಇ-ಸಂಜೀವನಿಯಲ್ಲಿ ಮೊಬೈಲಿನಲ್ಲೇ ಉಚಿತವಾಗಿ ವೈದ್ಯರ ಸಲಹೆ ಸಿಗುತ್ತದೆ.

ವೈದ್ಯರ ಒಪ್ಪಿಗೆಯಿಂದ ಉಪವಾಸ ಇಡುವವರು ಮೀಟರ್ ಹತ್ತಿರವಿರಲಿ. ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ. 70ಕ್ಕಿಂತ ಕೆಳಗೆ ಬಂದರೆ, 300 ದಾಟಿದರೆ, ಅಥವಾ ಕೈ ನಡುಗಿ ಬೆವರು ಬಂದರೆ ತಕ್ಷಣ ಉಪವಾಸ ಬಿಡಿ, ಇಫ್ತಾರಿಗೆ ಹತ್ತೇ ನಿಮಿಷ ಉಳಿದಿದ್ದರೂ ಸರಿ.

ಮುಂದಿನ ಜುಮಾದ ನಂತರ ಮಸೀದಿಯ ಹಿಂದಿನ ಕೋಣೆಯಲ್ಲಿ ಕೆಲವು ಕಾಲೇಜು ಮಕ್ಕಳು ಮೊಬೈಲ್ ಹಿಡಿದು ಕೂರುತ್ತಾರೆ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇದೆ. ವೈದ್ಯರಿಗೆ ಕೇಳಬೇಕಾದ್ದನ್ನು ಬರೆದುಕೊಡುತ್ತಾರೆ, ಔಷಧಿ ಹೇಳುವುದಿಲ್ಲ. ಚೀಟಿ ಮತ್ತು ಮಾತ್ರೆಯ ಪಟ್ಟಿ ತನ್ನಿ. "ಆ ಬಿಳಿ ಮಾತ್ರೆ" ಎಂದರೆ ಮಕ್ಕಳಿಗೂ ಗೊತ್ತಾಗದು, ನಮಗೂ ಗೊತ್ತಾಗದು.